ಪಟ್ಟಿಯಲ್ಲಿ ಯಾರ ಹೆಸರು?

ಮಾಸಾಶನ ಬಂತು, ಮೀಸಲಾತಿ ಬಂತು, ಸೊನ್ನೆ ಟಿಕೆಟ್ಟೂ ಬಂತು. ಈಗ ಜನಗಣತಿಯ ಸರದಿ. ಒಳಗೆ ಯಾರು, ಹೊರಗೆ ಯಾರು ಎಂಬ ತಕರಾರು ಲೈಂಗಿಕ ಅಲ್ಪಸಂಖ್ಯಾತರ ನಡುವೆಯೇ ಎದ್ದಿದೆ. ವಾದ ನಡೆಯುವುದು ಬೆಂಗಳೂರಿನಲ್ಲಿ. ಬಿಸಿ ತಟ್ಟುವುದು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಂಥ ಕಡೆ.

ಶಿರಾ ಬಸ್ ನಿಲ್ದಾಣ, ಬೆಳಗಿನ ಏಳೂವರೆ. ಬೆಂಗಳೂರಿಗೆ ಹೊರಟ ಸರ್ಕಾರಿ ಬಸ್ಸು ಗುರ್ರ್ ಎನ್ನುತ್ತ ನಿಂತಿದೆ. ಕಡಲೆಕಾಯಿ ಬುಟ್ಟಿಯವನು ಕಿಟಕಿಯಿಂದ ಕಿಟಕಿಗೆ ಓಡುತ್ತಿದ್ದಾನೆ.

ಮುಂದಿನ ಸೀಟಿನಲ್ಲಿ ಹಸಿರು ಸೀರೆ ಉಟ್ಟು ಕನಕಾಂಬರ ಮುಡಿದವರೊಬ್ಬರು ಕೂತಿದ್ದಾರೆ. ಕಂಡಕ್ಟರು ಒಮ್ಮೆ ಮುಖ ನೋಡಿದ, ಆಧಾರ್ ಕೇಳಲಿಲ್ಲ, ಸೊನ್ನೆ ಟಿಕೆಟ್ ಹರಿದು ಕೊಟ್ಟ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಮಹಿಳೆಯರ ಜೊತೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಪ್ರಯಾಣ ಉಚಿತ.

ಎರಡು ಸೀಟು ಹಿಂದೆ ಅಂಗಿ, ಪ್ಯಾಂಟು, ಒತ್ತಾಗಿ ಕಟಿಂಗ್ ಮಾಡಿಸಿದ ಇಪ್ಪತ್ತೈದರ ಯುವಕ. ಅವನ ಆಧಾರ್ ಕಾರ್ಡಿನಲ್ಲಿರುವುದು ಹೆಣ್ಣಿನ ಹೆಸರು. ತೋರಿಸಿದರೆ ಅವನಿಗೂ ಪುಕ್ಕಟೆ. ತೋರಿಸಲಿಲ್ಲ, ನೋಟು ಕೊಟ್ಟು ಟಿಕೆಟ್ ತೆಗೆದುಕೊಂಡ. ತುಂಬಿದ ಬಸ್ಸಿನಲ್ಲಿ ಕಂಡಕ್ಟರು ಆ ಹೆಸರನ್ನು ಗಟ್ಟಿಯಾಗಿ ಓದಿಬಿಟ್ಟರೆ ಎಂಬ ಭಯಕ್ಕೆ ಅವನು ತೆರುವ ಬೆಲೆ ಅದು.

ಕೊನೆಯ ಸಾಲಿನಲ್ಲಿ ಪಾವಗಡ ಕಡೆಯ ಎಂಜಿನಿಯರಿಂಗ್ ವಿದ್ಯಾರ್ಥಿ. ಅವನಿಗೆ ಇಷ್ಟವಾಗುವುದು ಹುಡುಗರೇ. ಮೊಬೈಲಿನಲ್ಲಿ ಅದಕ್ಕೆಂದೇ ಒಂದು ಆ್ಯಪ್ ಇದೆ. ಸೀರೆಯವರು ಹಿಂದಕ್ಕೆ ತಿರುಗಿದಾಗ ಅವನು ಸರಕ್ಕನೆ ತಲೆ ತಗ್ಗಿಸಿದ. ತಾನೂ ಅವರ ಹಾಗೆಯೇ ಎಂದು ಪಕ್ಕದವರು ಅಂದುಕೊಂಡರೆ?

ಮೂವರೂ ನಾನು ಕಲ್ಪಿಸಿಕೊಂಡವರು. ಆದರೆ ಇಂಥವರನ್ನು ಹೊತ್ತು ನಾಲ್ಕೂ ತಾಲ್ಲೂಕುಗಳಿಂದ ದಿನವೂ ಬಸ್ಸುಗಳು ಹೊರಡುತ್ತವೆ. ಸರ್ಕಾರಿ ಕಡತ ಇವರನ್ನು ಎರಡು ಮೂರು ಬೇರೆ ಬೇರೆ ಖಾನೆಗೆ ಹಾಕುತ್ತದೆ, ಮೆರವಣಿಗೆಯ ಬ್ಯಾನರು ಒಂದೇ ಸಮುದಾಯ ಎನ್ನುತ್ತದೆ. ಇವರು ಮಾತ್ರ ಒಬ್ಬರಿಗೊಬ್ಬರು ‘ಹೋಗಿಬನ್ನಿ’ ಎಂದೂ ಹೇಳದೆ ಇಳಿದು ಹೋಗುತ್ತಾರೆ.

ಊರು ಕೊಟ್ಟ ಜಾಗ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದರೆ ಕಂದಾಯದ ಲೆಕ್ಕದಲ್ಲಿ ಮಧುಗಿರಿ ಉಪವಿಭಾಗ. ಶಿಕ್ಷಣ ಇಲಾಖೆಗೆ ಇದೇ ಒಂದು ಜಿಲ್ಲೆ, ಮಧುಗಿರಿ ಶೈಕ್ಷಣಿಕ ಜಿಲ್ಲೆ. ತುಮಕೂರಿನಿಂದ ಬಿಡಿಸಿ ನಮ್ಮನ್ನು ಪೂರ್ತಿ ಜಿಲ್ಲೆಯನ್ನೇ ಮಾಡಿ ಎಂಬ ಕೂಗು ಹಳೆಯದು. ಹಾಗೆ ಮಾಡುವುದಾದರೆ ನಮ್ಮೂರೇ ಕೇಂದ್ರವಾಗಲಿ ಎಂದು ಶಿರಾದವರು ನಡುವೆ ದನಿ ಎತ್ತುವುದೂ ಉಂಟು. ಯಾರು ಯಾರ ಜೊತೆ ಸೇರಬೇಕು ಎಂಬ ಜಗಳ ಈ ಸೀಮೆಗೆ ಹೊಸದೇನಲ್ಲ.

ಇಲ್ಲಿ ಹೆಣ್ಣಿನ ನಡೆಯ ಹುಡುಗನಿಗೆ ಬೈಗುಳಗಳಿಗೇನೂ ಬರವಿಲ್ಲ. ಹೆಣ್ಣಿಗ, ಒಂಬತ್ತು, ಚಕ್ಕಾ. ಮೂರು ಕಡೆ ಆಂಧ್ರ ಸುತ್ತಿಕೊಂಡಿರುವ ಪಾವಗಡದಲ್ಲಿ ತೆಲುಗಿನ ‘ಕೊಜ್ಜಾ’ ಕೂಡ ಸೇರಿಕೊಳ್ಳುತ್ತದೆ.

ಹಾಗೆಂದು ಊರು ಜಾಗವನ್ನೇ ಕೊಟ್ಟಿಲ್ಲ ಎನ್ನುವಂತಿಲ್ಲ. ಇದು ನಾಟಕದ ಸೀಮೆ. ಗುಬ್ಬಿ ಕಂಪನಿ 1884ರಲ್ಲಿ ಹುಟ್ಟಿದ್ದು ಇದೇ ತುಮಕೂರು ಜಿಲ್ಲೆಯಲ್ಲಿ. ಮೂಡಲಪಾಯ ಯಕ್ಷಗಾನದಲ್ಲಿ ಸ್ತ್ರೀಪಾತ್ರ ಗಂಡಸರದೇ. ಸುಗ್ಗಿ ಮುಗಿದ ಮೇಲೆ ಹಾರ್ಮೋನಿಯಂ ಮೇಷ್ಟ್ರನ್ನು ಹಿಡಿದು, ಸೀನರಿ ಬಾಡಿಗೆಗೆ ತಂದು ‘ಕುರುಕ್ಷೇತ್ರ’ ಆಡುವ ಹಳ್ಳಿಗಳಲ್ಲಿ, ನಟಿಯರನ್ನು ಗೊತ್ತುಮಾಡಿ ಕರೆತರುವ ರೂಢಿ ಬರುವ ಮೊದಲು, ದ್ರೌಪದಿಯಾಗುತ್ತಿದ್ದುದು ಊರಿನದೇ ಒಬ್ಬ ತೆಳು ಮೈಯ ಹುಡುಗ.

ಆ ರಾತ್ರಿ ಅವನಿಗೆ ಶಿಳ್ಳೆ, ಚಪ್ಪಾಳೆ, ಸೆರಗಿಗೆ ಪಿನ್ನು ಹಾಕಿದ ನೋಟು. ಬೆಳಿಗ್ಗೆ ಬೋರ್‌ವೆಲ್ ಹತ್ತಿರ ಅದೇ ನಡಿಗೆ ಉಳಿದುಕೊಂಡಿದ್ದರೆ ಅಪ್ಪನ ಏಟು. ಊರು ಕೊಟ್ಟದ್ದು ರಂಗದ ಮೇಲಿನ ಜಾಗ. ಬಣ್ಣ ಒರೆಸಿದ ಮೇಲೆ ಆ ಜಾಗದ ಹಕ್ಕು ಮುಗಿಯುತ್ತಿತ್ತು.

ಒರೆಸಲಾಗದವರು ಬೆಂಗಳೂರಿನ ಬಸ್ಸು ಹತ್ತಿದರು.

ಹಮಾಮಿನ ಹೊಸಿಲು

ಬೆಂಗಳೂರಿನಲ್ಲಿ ಅವರಿಗೆ ಬಾಗಿಲು ತೆರೆದದ್ದು ಹಮಾಮುಗಳು. ಹೆಸರಿಗೆ ಬಿಸಿನೀರಿನ ಸ್ನಾನದ ಮನೆ. ಒಳಗೆ ಹಿಜಡಾ ಸಮುದಾಯದ ಮನೆ, ಕುಲ, ದುಡಿಮೆಯ ಜಾಗ ಎಲ್ಲವೂ. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಕರ್ನಾಟಕ ಘಟಕ 2003ರಲ್ಲಿ ತಂದ ವರದಿ ಈ ಲೋಕವನ್ನೂ, ಅದರ ಮೇಲೆ ನಡೆದ ಪೊಲೀಸ್ ದೌರ್ಜನ್ಯವನ್ನೂ ವಿವರವಾಗಿ ದಾಖಲಿಸಿತು. ಹೆತ್ತ ಮನೆ ಹೊರಹಾಕಿದವರಿಗೆ ಅನ್ನ, ಹೆಸರು, ಸತ್ತರೆ ಮಣ್ಣು ಮಾಡುವ ಜನ, ಮೂರನ್ನೂ ಕೊಟ್ಟದ್ದು ಈ ಹಮಾಮು.

ಕೊಟ್ಟಿತು, ಆದರೆ ಕಟ್ಟಳೆಯೊಂದಿಗೆ. ಗುರುವಿಲ್ಲದೆ ಒಳಗೆ ಜಾಗವಿಲ್ಲ. ದುಡಿದದ್ದರಲ್ಲಿ ಗುರುವಿಗೆ ಪಾಲು. ತಪ್ಪಿದರೆ ಜಮಾತಿನ, ಅಂದರೆ ಸಮುದಾಯದ ಹಿರಿಯರ ಕೂಟದ, ಪಂಚಾಯ್ತಿ, ದಂಡ. ಶಸ್ತ್ರಚಿಕಿತ್ಸೆ ಆದವರಿಗೆ ಒಂದು ಮರ್ಯಾದೆ, ಆಗದವರಿಗೆ ಇನ್ನೊಂದು. ‘ನೀನು ಸೀರೆ ಉಟ್ಟ ಗಂಡಸು’ ಎಂಬ ಮಾತನ್ನು ಒಬ್ಬ ಹೊಸಬಳು ಹೊರಗಿನವರಿಗಿಂತ ಮೊದಲು ಒಳಗಿನವರಿಂದಲೇ ಕೇಳಿರಬಹುದು.

ಇದನ್ನು ಬರೆದವರು ಸಮುದಾಯದವರೇ. ಎ. ರೇವತಿ ಅವರ ಆತ್ಮಕಥೆ 2010ರಲ್ಲಿ ಇಂಗ್ಲಿಷಿನಲ್ಲಿ ಬಂತು, ದು. ಸರಸ್ವತಿ ಅವರು ಅದನ್ನು ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು. ಜಮಾತಿನ ಮಮತೆಯನ್ನೂ ಬಿಗಿಯನ್ನೂ ಒಂದೇ ಉಸಿರಿನಲ್ಲಿ ಹೇಳುವ ಪುಸ್ತಕ ಅದು. ಹೊರಗಿನವರು ಹಮಾಮನ್ನು ಪೂರಾ ಬೈದರೆ ಅಥವಾ ಪೂರಾ ಹೊಗಳಿದರೆ ನನಗೆ ಅನುಮಾನ ಬರುವುದು ಅದನ್ನು ಓದಿದ ಮೇಲೆ.

[ಚೌಕಟ್ಟು] ಹಮಾಮಿನ ಮಾತು

*ಚೇಲಾ:* ಗುರುವಿನ ಮಡಿಲಿಗೆ ಸೇರಿದವಳು. ಗುರುವಿನ ಗುರು ‘ನಾನಿ’.
*ರೀತ್:* ಒಬ್ಬರನ್ನು ಮನೆಯವರನ್ನಾಗಿ ಸೇರಿಸಿಕೊಳ್ಳುವ ಶಾಸ್ತ್ರ.
*ನಿರ್ವಾಣ:* ಗಂಡಿನ ಅಂಗ ತೆಗೆಸಿಕೊಳ್ಳುವುದು. ಆಗದವರು ‘ಅಕ್ವಾ’.
*ಕೋತಿ:* ಹೆಣ್ಣಿನ ಮನಸ್ಸಿನ ಗಂಡು. ಹಲವರು ಮದುವೆಯಾಗಿ ಊರಲ್ಲೇ ಇರುವವರು. ಮಂಗಕ್ಕೂ ಈ ಮಾತಿಗೂ ಸಂಬಂಧವಿಲ್ಲ.
*ಪಂತಿ:* ಕೋತಿ ಮೆಚ್ಚುವ ಗಂಡಸು. ಈತ ತನ್ನನ್ನು ಯಾವ ಅಲ್ಪಸಂಖ್ಯಾತನೆಂದೂ ಕರೆದುಕೊಳ್ಳುವುದಿಲ್ಲ.

ದೇವಿಯ ಮಕ್ಕಳ ತಕರಾರು

ಉತ್ತರ ಕರ್ನಾಟಕದಲ್ಲಿ ದಾರಿ ಬೇರೆ. ಸವದತ್ತಿ ಎಲ್ಲಮ್ಮ, ಹುಲಿಗೆಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ಸೀರೆ ಉಟ್ಟ ಜೋಗಪ್ಪ, ಜೋಗತಿಯರಿಗೆ ಹಳ್ಳಿಯ ಪಂಚಾಂಗದಲ್ಲೇ ಒಂದು ಸ್ಥಾನವಿದೆ. ಮನೆಯವರೂ ಕಾಲು ಮುಗಿಯುತ್ತಾರೆ, ಕೆಲವೊಮ್ಮೆ ಅಳುತ್ತಲೇ.

ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಅವರದು ಈ ದಾರಿಯ ಬಹು ದೊಡ್ಡ ಹೆಸರು. ಕಾಳವ್ವ ಜೋಗತಿಯಿಂದ ಕುಣಿತ ಕಲಿತವರು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರ್‌ನಲ್ಲಿ ಪದ್ಮಶ್ರೀ ಪಡೆಯುವ ಮುನ್ನ ಸೆರಗಿನ ತುದಿಯಿಂದ ರಾಷ್ಟ್ರಪತಿಗೇ ದೃಷ್ಟಿ ತೆಗೆದ ದೃಶ್ಯ ನಾಡಿಗೆಲ್ಲ ಗೊತ್ತು.

ಆದರೆ ಜೋಗಪ್ಪಂದಿರು ಹಿಜಡಾಗಳ ಪೈಕಿಯೇ? ಸಂಘಟನೆಗಳ ಸಭೆಯಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ನಮ್ಮ ಮೈ ದೇವಿಯದು, ಕತ್ತಿ ಮುಟ್ಟಿಸುವಂತಿಲ್ಲ ಎನ್ನುವ ಜೋಗಪ್ಪಂದಿರಿದ್ದಾರೆ. ನಿರ್ವಾಣವಾಗದೆ ಪೂರ್ಣವಾಗುವುದೆಂತು ಎಂದು ಕೇಳುವ ಹಮಾಮಿನ ಹಿರಿಯರಿದ್ದಾರೆ. ಬೆಂಗಳೂರಿನ ಅನೇಕಾ ಸಂಸ್ಥೆ 2014ರಲ್ಲಿ ಜೋಗಪ್ಪಂದಿರ ಕುರಿತು ಒಂದು ಅಧ್ಯಯನವನ್ನೇ ತಂದಿತು. ಹೊರಗಿಡುವಿಕೆಯ ರಾಜಕೀಯ ಎಂಬ ಮಾತು ಅದರ ಶೀರ್ಷಿಕೆಯಲ್ಲೇ ಇತ್ತು. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ಕುರಿತ 2019ರ ಕೇಂದ್ರ ಕಾಯ್ದೆ ಬರೆದ ವ್ಯಾಖ್ಯೆಯಲ್ಲಿ ಕಿನ್ನರ್, ಹಿಜಡಾ, ಅರವಾಣಿ ಜೊತೆಗೆ ‘ಜೋಗ್ತಾ’ ಎಂಬುದೂ ಸೇರಿತು. ಹೆಸರು ಹಿಡಿದು ಕರೆಸಿಕೊಳ್ಳುವುದಕ್ಕೆ ಜಗಳ ಬೇಕಾಗುತ್ತದೆ ಎಂಬುದಕ್ಕೆ ಅದೊಂದು ಸಾಕ್ಷಿ.

ಮಧುಗಿರಿ ಸೀಮೆಯ ಹುಡುಗನಿಗೆ ಈ ಎರಡೂ ದಾರಿ ಪರಸ್ಥಳದ್ದೇ. ದಂಡಿನ ಮಾರಮ್ಮನ ಜಾತ್ರೆ ಅವನದು, ಎಲ್ಲಮ್ಮನ ಗುಡ್ಡವಲ್ಲ. ಹಾಗಾಗಿ ಬೆಂಗಳೂರಿಗೆ ಬಂದವನು ಅಲ್ಲಿ ಏನಿದೆಯೋ ಅದಾಗುತ್ತಾನೆ. ತಾನು ಯಾರೆಂದು ಯೋಚಿಸಲು ಅವನಿಗೆ ಪುರುಸೊತ್ತು ಸಿಗುವುದು ಹೊಟ್ಟೆ ತುಂಬಿದ ಮೇಲೆ.

ರೋಗದ ಲೆಕ್ಕ ಮಾಡಿದ ವಿಂಗಡಣೆ

ಇಂದಿನ ಒಳಜಗಳಗಳ ಬೇರು ಹುಡುಕಿದರೆ ಎರಡು ಪಟ್ಟಿ ಸಿಗುತ್ತವೆ. ಒಂದು ಪೊಲೀಸರದು, ಇನ್ನೊಂದು ಆರೋಗ್ಯ ಇಲಾಖೆಯದು.

ಪೊಲೀಸ್ ಪಟ್ಟಿ ಹಳೆಯದು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೆಯ ಭಾಗ ಉತ್ತರ ಭಾರತದ ಪ್ರಾಂತ್ಯಗಳಲ್ಲಿ ಹಿಜಡಾಗಳ ಹೆಸರು, ಆಸ್ತಿ ಬರೆದಿಡಲು ಹೇಳಿತ್ತು. ಅದರ ನೆರಳು ಕರ್ನಾಟಕಕ್ಕೆ ತಡವಾಗಿ ಬಂತು. 2011ರಲ್ಲಿ ರಾಜ್ಯದ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಂ ಸೇರಿತು. ಹಿಜಡಾಗಳ ಹೆಸರು ವಿಳಾಸ ದಾಖಲಿಸಿ ನಿಗಾ ಇಡುವ ಅಧಿಕಾರ ಅದರಲ್ಲಿತ್ತು. ಲೈಂಗಿಕ ಅಲ್ಪಸಂಖ್ಯಾತರ ಸಂಘಟನೆಯವರು ಹೈಕೋರ್ಟಿಗೆ ಹೋದ ಮೇಲೆ ಸರ್ಕಾರ ಆ ಕಲಮನ್ನು ತಿದ್ದಿತು. ಆ ಪಟ್ಟಿಯ ಬಗ್ಗೆ ಒಳಗೆ ಯಾರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಅದರಿಂದ ಹೊರಗಿರುವುದೇ ಎಲ್ಲರಿಗೂ ಬೇಕಿತ್ತು.

ಆರೋಗ್ಯದ ಪಟ್ಟಿ ಹಾಗಲ್ಲ. ಎಚ್‌ಐವಿ ತಡೆಗೆ ಹಣ ಬಂತು. ಹಣ ಯಾರಿಗೆ? ಸೋಂಕಿನ ಅಪಾಯ ಹೆಚ್ಚಿರುವವರಿಗೆ. ಹಾಗಾಗಿ ಗಂಡಸರೊಂದಿಗೆ ಲೈಂಗಿಕ ಸಂಬಂಧವಿರುವ ಗಂಡಸರು ಒಂದು ಖಾನೆ, ಟ್ರಾನ್ಸ್‌ಜೆಂಡರ್ ಇನ್ನೊಂದು ಖಾನೆ. ತಾಲ್ಲೂಕು ಕೇಂದ್ರಗಳವರೆಗೂ ಕಾಂಡೋಮ್ ಡಬ್ಬಿ ಹಿಡಿದು ಕಾರ್ಯಕರ್ತರು ಓಡಾಡಿದರು. ಸಂಬಳವೆಂಬುದನ್ನು ಮೊದಲ ಸಲ ಕಂಡ ಕೋತಿಗಳು, ಹಿಜಡಾಗಳು ಅನೇಕರು. ಜೀವ ಉಳಿದವು, ಅದನ್ನು ಮರೆಯಬಾರದು.

ಜೊತೆಗೆ ಇನ್ನೊಂದು ಆಯಿತು. ‘ಕೋತಿ’ ಎಂಬುದು ಹರಟೆಯ ಮಾತಾಗಿದ್ದದ್ದು ವರದಿಯ ಅಂಕಣವಾಯಿತು. ನಿಜವಾದ ಕೋತಿ ಯಾರು ಎಂದು ದೇಶದ ಸಂಘಟನೆಗಳು ಕಿತ್ತಾಡಿದ್ದನ್ನು ಮಾನವಶಾಸ್ತ್ರಜ್ಞ ಲಾರೆನ್ಸ್ ಕೊಹೆನ್ 2005ರಲ್ಲಿ ಬರೆದ ಪ್ರಬಂಧಕ್ಕೆ ‘ಕೋತಿ ಯುದ್ಧಗಳು’ ಎಂದೇ ಹೆಸರಿಟ್ಟರು. ಹಂಚಲು ಜಮೀನಿಲ್ಲದ ಮನೆಯಲ್ಲಿ ಅಣ್ಣತಮ್ಮಂದಿರಿಗೆ ಹಿಸ್ಸೆಯ ಜಗಳ ಇರುವುದಿಲ್ಲ. ಸಮುದಾಯದ ಒಳಗೆ ಗಲಾಟೆ ಕೇಳತೊಡಗಿದ್ದು ಹಂಚಲು ಏನಾದರೂ ಸಿಕ್ಕಾಗ.

ಲೆಕ್ಕಕ್ಕೇ ಬಾರದವರು

ಆ ಹಂಚಿಕೆಯಲ್ಲಿ ಪೂರ್ತಿ ಬಿಟ್ಟುಹೋದವರು ಹೆಣ್ಣಾಗಿ ಹುಟ್ಟಿದವರು. ಹೆಂಗಸನ್ನು ಪ್ರೀತಿಸುವ ಹೆಂಗಸು, ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳುವ ಟ್ರಾನ್ಸ್ ಪುರುಷ. ಎಚ್‌ಐವಿ ಯೋಜನೆಗೆ ಇವರು ‘ಅಪಾಯದ ಗುಂಪು’ ಅಲ್ಲ. ಹಾಗಾಗಿ ಅನುದಾನವಿಲ್ಲ, ಕಚೇರಿಯಿಲ್ಲ, ಕಾರ್ಯಕರ್ತರಿಲ್ಲ.

ಅದಕ್ಕಿಂತ ಮೂಲದ ಕಷ್ಟ ಬಸ್ಸು ಹತ್ತುವುದರಲ್ಲೇ ಇದೆ. ಕೊರಟಗೆರೆಯ ಹುಡುಗನೊಬ್ಬ ಮನೆ ಬಿಟ್ಟರೆ ಅಪ್ಪ ನಾಲ್ಕು ದಿನ ಬೈದು ಸುಮ್ಮನಾದಾನು. ಹುಡುಗಿ ಬಿಟ್ಟರೆ ಅದೇ ಸಂಜೆ ಠಾಣೆಯಲ್ಲಿ ಕಾಣೆಯಾದ ದೂರು. ಜೊತೆಗಿದ್ದ ಗೆಳತಿಯ ಮೇಲೆ ಅಪಹರಣದ ಆರೋಪ. ಹುಡುಕಿ ತಂದ ಮೇಲೆ ಕೈಗೆ ಮೊಬೈಲ್ ಇಲ್ಲ, ತಿಂಗಳೊಳಗೆ ಗಂಡು ನೋಡುವ ಶಾಸ್ತ್ರ. ಅವಳಿಗಾಗಿ ತೆರೆದ ಹಮಾಮು ಯಾವ ಊರಿನಲ್ಲೂ ಇಲ್ಲ.

ಇಂಥ ಪ್ರಕರಣಗಳು ನ್ಯಾಯಾಲಯ ಮುಟ್ಟಿದಾಗ ಹೇಗೆ ನಡೆದುಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ, ಕೇರಳದ ಒಂದು ಮೊಕದ್ದಮೆಯಲ್ಲಿ, ಸ್ಪಷ್ಟ ಸೂಚನೆ ಕೊಟ್ಟಿತು. ಕೌನ್ಸೆಲಿಂಗ್ ಹೆಸರಿನಲ್ಲಿ ಮನಸ್ಸು ಬದಲಿಸಲು ಹೋಗಬೇಡಿ, ಹೆತ್ತವರ ಸಮ್ಮುಖದ ಒತ್ತಡವಿಲ್ಲದೆ ಆ ವ್ಯಕ್ತಿಯ ಮಾತು ಕೇಳಿ ಎಂಬುದು ಅದರ ಸಾರ. ಠಾಣೆಯ ಬೆಂಚಿನವರೆಗೆ ಆ ಸೂಚನೆ ಇಳಿಯಬೇಕಷ್ಟೆ.

ಬೆಂಗಳೂರಿನಲ್ಲಿ ‘ಲೆಸ್ಬಿಟ್’ ಎಂಬ ಗುಂಪು ಕಟ್ಟಿಕೊಂಡವರು ಇದೇ ಅಂಚಿನವರು. ಆ ಬಳಗದ ಸುಮತಿ ಮೂರ್ತಿ ಮತ್ತು ಸುನಿಲ್ ಮೋಹನ್ 2013ರಲ್ಲಿ ಲಿಂಗತ್ವದ ಒಳಗೊಳ್ಳುವಿಕೆಯ ಬಗ್ಗೆ ಒಂದು ಅಧ್ಯಯನ ಮಾಡಿದರು. ಟ್ರಾನ್ಸ್ ಎಂದ ಕೂಡಲೇ ಸೀರೆ ಉಟ್ಟವರು ಮಾತ್ರ ಕಣ್ಮುಂದೆ ಬರುವುದು ಹೊರಗಿನವರ ಕುರುಡು ಮಾತ್ರವಲ್ಲ, ಸಮುದಾಯದ ವೇದಿಕೆಗಳದ್ದೂ ಹೌದು. ರೇವತಿ ಅವರು 2016ರ ತಮ್ಮ ಇನ್ನೊಂದು ಇಂಗ್ಲಿಷ್ ಪುಸ್ತಕದಲ್ಲಿ ಟ್ರಾನ್ಸ್ ಪುರುಷರ ಕಥೆಗಳಿಗೆ ಜಾಗ ಬಿಟ್ಟುಕೊಟ್ಟದ್ದು ಈ ಹಿನ್ನೆಲೆಯಲ್ಲಿ ದೊಡ್ಡ ಮಾತು.

[ಚೌಕಟ್ಟು] ಪಾತ್ರ ಯಾರದು, ನಟ ಯಾರು?

ಬಿ.ಎಸ್. ಲಿಂಗದೇವರು ನಿರ್ದೇಶಿಸಿದ ‘ನಾನು ಅವನಲ್ಲ ಅವಳು’ ತೆರೆ ಕಂಡದ್ದು 2015ರಲ್ಲಿ. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ ಅದರ ಮೂಲ. ನಾಯಕಿಯಾಗಿ ನಟಿಸಿದ ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಟ್ರಾನ್ಸ್ ಮಹಿಳೆಯ ಪಾತ್ರವನ್ನು ಟ್ರಾನ್ಸ್ ಮಹಿಳೆಯೇ ಏಕೆ ಮಾಡಬಾರದು ಎಂಬ ಪ್ರಶ್ನೆ ಇಂಥ ಚಿತ್ರಗಳ ಬೆನ್ನಿಗೆ ಬರುತ್ತಲೇ ಇರುತ್ತದೆ. ವಿಜಯ್ 2021ರ ಜೂನ್‌ನಲ್ಲಿ ತೀರಿಕೊಂಡರು. ‘ಬದುಕು ಬಯಲು’ ಜನಮನದಾಟ ತಂಡದ ನಾಟಕವಾಗಿ ಊರೂರು ತಿರುಗಿತು. ಮಂಜಮ್ಮ ಅವರ ಬದುಕನ್ನು ಅರುಣ್ ಜೋಳದಕೂಡ್ಲಿಗಿ ‘ನಡುವೆ ಸುಳಿವ ಹೆಣ್ಣು’ ಎಂಬ ಪುಸ್ತಕವಾಗಿ ನಿರೂಪಿಸಿದ್ದಾರೆ.

ಇಂಗ್ಲಿಷ್ ಸಭೆ, ಕನ್ನಡದ ಬೀದಿ

ಬೆಂಗಳೂರಿನಲ್ಲಿ ಸಲಿಂಗಿಗಳ ‘ಗುಡ್ ಆ್ಯಸ್ ಯು’ ಬಳಗ 1994ರಲ್ಲೇ ಸೇರತೊಡಗಿತು. ಅದು ಇಂಗ್ಲಿಷ್ ಬಲ್ಲವರ ಗೆಳೆತನ, ಗುಟ್ಟಾಗಿ ನರಳುವ ಓದಿದವರ ನೆರಳು. 1999ರಲ್ಲಿ ಶುರುವಾದ ಸಂಗಮ ಸಂಸ್ಥೆಯೂ ದಾಖಲೆ, ಗ್ರಂಥಾಲಯ ಎಂದು ಮೊದಲಾಗಿ, ಬರಬರುತ್ತ ಇಂಗ್ಲಿಷ್ ಬಾರದ, ಬೀದಿಯಲ್ಲಿ ದುಡಿಯುವ, ಪೊಲೀಸ್ ಲಾಠಿಗೆ ಸಿಗುವ ಜನರ ಕಡೆ ವಾ​ಲಿತು.

ಎರಡೂ ಜನರಿಗೆ ಒಂದೇ ಶತ್ರು ಎಂದು ಭಾವಿಸಿದ್ದ ಕಾಲವದು. ಶತ್ರು ಎಂದರೆ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ, ದಂಡಸಂಹಿತೆಯ 377ನೇ ಕಲಂ. 2008ರ ಜೂನ್ 29ರಂದು ನಗರದ ಮೊದಲ ಪ್ರೈಡ್ ಮೆರವಣಿಗೆಯಲ್ಲಿ ಮುಖವಾಡ ತೊಟ್ಟ ಸಾಫ್ಟ್‌ವೇರ್ ಹುಡುಗರೂ ಮುಖವಾಡದ ಹಂಗಿಲ್ಲದ ಹಿಜಡಾಗಳೂ ಒಟ್ಟಿಗೆ ನಡೆದರು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಆ ಕಲಮಿನ ಹಲ್ಲು ಕಿತ್ತಿತು. ಕಚೇರಿಗಳಲ್ಲಿ ಕಾಮನಬಿಲ್ಲಿನ ಕೇಕ್ ಕತ್ತರಿಸಿದರು.

ಅಂದು ರಾತ್ರಿಯೂ ಹೆದ್ದಾರಿ ಬದಿಯಲ್ಲಿ ನಿಂತ ಹಿಜಡಾಗೆ ಬೀಟ್ ಪೊಲೀಸ್ ಹಾಕುವ ಕೇಸು 377ರದ್ದಾಗಿರಲಿಲ್ಲ. ಸಾರ್ವಜನಿಕ ಉಪದ್ರವ, ಅನೈತಿಕ ವ್ಯವಹಾರ ಮುಂತಾದ ಸಣ್ಣ ಕಲಮುಗಳು ಹಾಗೇ ಉಳಿದಿದ್ದವು. ನಿಮ್ಮ ಸ್ವಾತಂತ್ರ್ಯ ಮಲಗುವ ಕೋಣೆಯದು, ನಮಗೆ ಕೋಣೆಯೇ ಇಲ್ಲ ಎಂಬ ದೂರು ಹಮಾಮಿನ ಕಡೆಯದು. ರಸ್ತೆಯಲ್ಲಿ ಕೈತಟ್ಟುವುದರಿಂದಲೇ ನಮಗೆಲ್ಲ ಕೆಟ್ಟ ಹೆಸರು ಎಂಬ ಪಿಸುಮಾತು ಆ್ಯಪಿನ ಕಡೆಯದು. ಎರಡನೆಯದು ಪಿಸುಮಾತಾಗಿಯೇ ಇದೆ ಎಂಬುದು ಸ್ವಲ್ಪ ಸಮಾಧಾನ. ಅದರಲ್ಲಿ ವರ್ಗದ ವಾಸನೆ, ಕೆಲವೊಮ್ಮೆ ಜಾತಿಯದೂ, ಢಾಳಾಗಿ ಹೊಡೆಯುತ್ತದೆ.

ಹಾಗೆಂದು ಸಣ್ಣ ಊರಿನ ಸಲಿಂಗಿ ಹುಡುಗನನ್ನು ಸುಖವಂತರ ಸಾಲಿಗೆ ಸೇರಿಸುವುದೂ ಅನ್ಯಾಯ. ಅವನಿಗೆ ಇಂಗ್ಲಿಷ್ ಬಳಗವೂ ದೂರ, ಜಮಾತೂ ದೂರ. ಆ್ಯಪಿನಲ್ಲಿ ಸಿಕ್ಕವನು ಹೆದರಿಸಿ ಹಣ ಕಿತ್ತರೆ ದೂರು ಕೊಡಲು ಧೈರ್ಯವಿಲ್ಲ. ಠಾಣೆಯಲ್ಲಿ ಇರುವವರು ಅಪ್ಪನ ಪರಿಚಯದವರು. ಮೂವತ್ತಕ್ಕೆ ಹೆಣ್ಣು ಕಟ್ಟುತ್ತಾರೆ. ಆಮೇಲೆ ಆ ಹೆಣ್ಣಿನ ಬಾಳು.

ಒಂದು ಪರ್ಸೆಂಟಿನ ಪಂಚಾಯ್ತಿ

2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ (ನಾಲ್ಸಾ) ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಲಿಂಗತ್ವವನ್ನು ಹೇಳಿಕೊಳ್ಳುವ ಹಕ್ಕು ಆಯಾ ವ್ಯಕ್ತಿಯದೇ, ಟ್ರಾನ್ಸ್‌ಜೆಂಡರ್ ಜನರನ್ನು ಹಿಂದುಳಿದವರೆಂದು ಪರಿಗಣಿಸಿ ಮೀಸಲಾತಿ ಕೊಡಿ ಎಂದಿತು. ಹಾಗಾದರೆ ಸಲಿಂಗಿಗಳೂ ಇದರೊಳಗೆ ಬರುತ್ತಾರೆಯೇ? ಕೇಂದ್ರ ಸರ್ಕಾರ ಕೇಳಿತು. ಇಲ್ಲ ಎಂದು 2016ರ ಜೂನ್‌ನಲ್ಲಿ ಕೋರ್ಟು ಸ್ಪಷ್ಟಪಡಿಸಿತು. ಒಂದೇ ಬ್ಯಾನರಿನ ಅಡಿ ನಡೆದವರ ನಡುವೆ ಕಾನೂನೇ ಒಂದು ಗೆರೆ ಎಳೆದಂತಾಯಿತು.

ಕರ್ನಾಟಕದಲ್ಲಿ ಕಥೆ ಮುಂದುವರಿದದ್ದು ಪೊಲೀಸ್ ನೇಮಕಾತಿಯಿಂದ. 2020ರ ಕಾನ್‌ಸ್ಟೆಬಲ್ ಹುದ್ದೆಗಳ ಅಧಿಸೂಚನೆಯಲ್ಲಿ ಗಂಡು, ಹೆಣ್ಣು ಎರಡೇ ಖಾನೆ. ಸಂಗಮ ಸಂಸ್ಥೆ ಹೈಕೋರ್ಟಿಗೆ ಹೋಯಿತು. ಜೀವಾ ಸಂಸ್ಥೆ ಮಧ್ಯಪ್ರವೇಶಿಸಿ ಸಮತಲ ಮೀಸಲಾತಿ ಕೇಳಿತು. 2021ರ ಜುಲೈನಲ್ಲಿ ಸರ್ಕಾರ ನೇಮಕಾತಿ ನಿಯಮ ತಿದ್ದಿ ಶೇ 1ರಷ್ಟು ಕೊಟ್ಟಿತು. ದೇಶದಲ್ಲೇ ಮೊದಲು.

ಸಮತಲ ಎಂಬ ಮಾತಿನ ಹಿಂದೆ ದೊಡ್ಡ ಚರ್ಚೆಯಿದೆ. ಟ್ರಾನ್ಸ್ ಜನರನ್ನೆಲ್ಲ ಒಂದೇ ಹಿಂದುಳಿದ ಜಾತಿ ಎಂಬಂತೆ ಒಟ್ಟು ಮಾಡಿದರೆ ದಲಿತ ಟ್ರಾನ್ಸ್ ಮಹಿಳೆ ತನ್ನ ಪರಿಶಿಷ್ಟ ಜಾತಿಯ ಹಕ್ಕನ್ನೋ ಲಿಂಗತ್ವದ ಹಕ್ಕನ್ನೋ ಒಂದನ್ನು ಬಿಡಬೇಕಾಗುತ್ತಿತ್ತು. ದೇಶದುದ್ದಕ್ಕೂ ದಲಿತ ಟ್ರಾನ್ಸ್ ಹೋರಾಟಗಾರರು ಈ ವಾದ ಎತ್ತಿದ್ದರು. ಕರ್ನಾಟಕದ ನಿಯಮದಲ್ಲಿ ಸಾಮಾನ್ಯ, ಪರಿಶಿಷ್ಟ, ಹಿಂದುಳಿದ, ಎಲ್ಲ ವರ್ಗದ ಒಳಗೂ ಒಂದು ಪರ್ಸೆಂಟ್. ಎಲ್ಲರೂ ಒಂದೇ ಎಂಬ ಘೋಷಣೆಯನ್ನು ಒಳಗಿನವರೇ ಪ್ರಶ್ನಿಸಿದ್ದರಿಂದ ಸಿಕ್ಕ ಫಲ ಇದು. ಭಿನ್ನಮತ ಸಮುದಾಯವನ್ನು ಒಡೆಯುತ್ತದೆ ಎಂದು ಕಸಿವಿಸಿಗೊಳ್ಳುವವರು ಈ ಒಂದು ಉದಾಹರಣೆಯನ್ನು ಗಮನಿಸಬೇಕು.

ಫಲ ಎಷ್ಟು ಮಂದಿಗೆ ದಕ್ಕಿತು? 15 ಸಾವಿರ ಪದವೀಧರ ಪ್ರಾಥಮಿಕ ಶಿಕ್ಷಕ ಹುದ್ದೆಗಳ ತಾತ್ಕಾಲಿಕ ಪಟ್ಟಿ 2022ರ ನವೆಂಬರ್‌ನಲ್ಲಿ ಬಂತು. ಪಟ್ಟಿಯಲ್ಲಿ ಟ್ರಾನ್ಸ್‌ಜೆಂಡರ್ ಅಭ್ಯರ್ಥಿಗಳು ಮೂವರು. ಒಂದು ಪರ್ಸೆಂಟ್ ಎಂದರೆ 150 ಆಗಬೇಕಿತ್ತು. ಅರ್ಹರು ಸಿಗದಿದ್ದರೆ ಆ ಜಾಗ ಅದೇ ವರ್ಗದ ಗಂಡಿಗೋ ಹೆಣ್ಣಿಗೋ ಹೋಗುತ್ತದೆ. ಹೈಸ್ಕೂಲಿನ ಶೌಚಾಲಯದ ಗೋಡೆ ಬರಹಕ್ಕೆ ಹೆದರಿ ಶಾಲೆ ಬಿಟ್ಟವರಿಗೆ ಬಿ.ಇಡಿ. ಮುಗಿಸಿ ಬಾ ಎಂದರೆ ಎಷ್ಟು ಜನ ಬಂದಾರು?

ಬರುವವರಿಗೂ ಮೊದಲು ಗುರುತಿನ ಚೀಟಿ ಬೇಕು. 2019ರ ಕಾಯ್ದೆ ಅದನ್ನು ಕೊಡುವ ಅಧಿಕಾರವನ್ನು ಜಿಲ್ಲಾಧಿಕಾರಿಗೆ ಒಪ್ಪಿಸಿತು. 2020ರಲ್ಲಿ ಅದಕ್ಕೊಂದು ಪೋರ್ಟಲ್ ಬಂತು. ಕಾಯ್ದೆಯ ಪ್ರಕಾರ ಆ ಚೀಟಿ ‘ಟ್ರಾನ್ಸ್‌ಜೆಂಡರ್’ ಎಂದು ಹೇಳುತ್ತದೆ. ಗಂಡು ಅಥವಾ ಹೆಣ್ಣು ಎಂದೇ ಬೇಕಿದ್ದರೆ ಶಸ್ತ್ರಚಿಕಿತ್ಸೆಯ ದಾಖಲೆ ಕೊಡಬೇಕು. ಇಲ್ಲಿ ಸಮುದಾಯ ಮತ್ತೆ ಎರಡಾಯಿತು. ನಾನು ಹೆಣ್ಣು, ನನಗೆ ಮೂರನೆಯ ಹೆಸರೇಕೆ ಎನ್ನುವವರು ಒಂದು ಕಡೆ. ಆ ಹೆಸರಿದ್ದರೇ ಮೈತ್ರಿ ಯೋಜನೆಯ ಮಾಸಾಶನ, ಅದಿದ್ದರೇ ಮೀಸಲಾತಿ ಎನ್ನುವವರು ಇನ್ನೊಂದು ಕಡೆ. ಹಮಾಮಿನ ಹಳೆಯ ಕಟ್ಟಳೆಯನ್ನು, ಅಂದರೆ ಕತ್ತಿ ಮುಟ್ಟದವರು ಅರ್ಧ ಎಂಬುದನ್ನು, ಸಂಸತ್ತು ತನಗರಿವಿಲ್ಲದೆಯೇ ಕಾನೂನಿನ ಭಾಷೆಯಲ್ಲಿ ಬರೆದುಕೊಟ್ಟಂತೆ ನನಗೆ ಕಾಣುತ್ತದೆ.

[ಚೌಕಟ್ಟು] ಮದುವೆ ಮೊದಲೋ, ರೇಷನ್ ಕಾರ್ಡೋ?

‘ಒಂದೆಡೆ’ ಎಂಬ ಸಂಸ್ಥೆಯ ಟ್ರಾನ್ಸ್ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿ ಅವರಿಗೆ 2015ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. 2018ರಲ್ಲಿ ಅವರ ಮದುವೆ ನೋಂದಣಿಯಾಯಿತು. ಸಲಿಂಗ ವಿವಾಹದ ಹಕ್ಕು ಕೇಳಿ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಅವರೂ ಒಬ್ಬರು. 2023ರ ಅಕ್ಟೋಬರ್ 17ರ ತೀರ್ಪು ಆ ಹಕ್ಕನ್ನು ಕೊಡಲಿಲ್ಲ. ಟ್ರಾನ್ಸ್ ಮಹಿಳೆ ಗಂಡಸನ್ನು, ಟ್ರಾನ್ಸ್ ಪುರುಷ ಹೆಂಗಸನ್ನು ಮದುವೆಯಾಗಲು ಈಗಿನ ಕಾನೂನಿನಲ್ಲೇ ಅಡ್ಡಿಯಿಲ್ಲ ಎಂದಿತು. ಮದುವೆ ಎಂಬ ವ್ಯವಸ್ಥೆಯೇ ಬೇಡ ಎನ್ನುವವರೂ, ಮೊದಲು ಮನೆ ಬಾಡಿಗೆಗೆ ಕೊಡಿಸಿ ಎನ್ನುವವರೂ ಸಮುದಾಯದಲ್ಲಿ ಸಾಕಷ್ಟಿದ್ದಾರೆ.

ಮೇಷ್ಟ್ರು ಬರುತ್ತಾರೆ ಬರೆದುಕೊಳ್ಳಲು

ಮುಂದಿನ ಪಟ್ಟಿ ಎಲ್ಲಕ್ಕಿಂತ ದೊಡ್ಡದು. ಜನಗಣತಿಯ ತಲೆಎಣಿಕೆ 2027ರ ಫೆಬ್ರುವರಿಗೆ ನಿಗದಿಯಾಗಿದೆ.

2011ರಲ್ಲಿ ಮೊದಲ ಬಾರಿಗೆ ಗಂಡು, ಹೆಣ್ಣು ಜೊತೆಗೆ ‘ಇತರೆ’ ಎಂಬ ಮೂರನೆಯ ಸಂಕೇತ ಇತ್ತು. ದೇಶದಲ್ಲಿ 4,87,803 ಮಂದಿ, ಕರ್ನಾಟಕದಲ್ಲಿ 20,266. ದೇಶದ ಲೆಕ್ಕದಲ್ಲಿ 54,854 ಮಂದಿ ಆರು ವರ್ಷದವರೆಗಿನ ಮಕ್ಕಳು! ಹಾಲುಗಲ್ಲದ ಮಗು ತನ್ನ ಲಿಂಗತ್ವವನ್ನು ಎಣಿಕೆದಾರರಿಗೆ ಹೇಳಿರಲಾರದು. ಹೇಳಿದವರು, ಬರೆದವರು ದೊಡ್ಡವರು. ಇತ್ತ ಮನೆ ಬಿಟ್ಟು ಹಮಾಮಿನಲ್ಲಿರುವ ಎಷ್ಟೋ ಜನರನ್ನು ಊರಿನ ಮನೆಯವರು ಗಂಡು ಎಂದೇ ಬರೆಸಿರಬಹುದು, ಬರೆಸದೆಯೂ ಇರಬಹುದು. ಆ ಅಂಕಿಯನ್ನು ಹಿಡಿದುಕೊಂಡೇ ಯೋಜನೆಗಳ ಬಜೆಟ್ಟಿಗೆ ಕೂತವರಿದ್ದಾರೆ.

ಸಲಿಂಗಿಗಳಿಗೆ ಖಾನೆಯೇ ಇರಲಿಲ್ಲ. ಇರಬೇಕೆ? ಲೆಕ್ಕಕ್ಕೆ ಬಾರದವರಿಗೆ ಹಕ್ಕೂ ಬಾರದು ಎನ್ನುವ ವಾದ ನಗರದ್ದು. ಅದು ಸರಿಯಾದ ವಾದವೇ. ಆದರೆ ಸಣ್ಣ ಊರಿನಲ್ಲಿ ನಿಂತು ನೋಡಿದರೆ ಆ ವಾದ ತಡವರಿಸುತ್ತದೆ.

ಏಕೆಂದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಹಳ್ಳಿಯಲ್ಲಿ ಜನಗಣತಿಗೆ ಬಾಗಿಲು ತಟ್ಟುವವರು ಬಹುತೇಕ ಅಲ್ಲಿನದೇ ಸರ್ಕಾರಿ ಶಾಲೆಯ ಮೇಷ್ಟ್ರು ಅಥವಾ ಟೀಚರಮ್ಮ. ಅವರಿಗೆ ಮನೆಯ ಯಜಮಾನ ಗೊತ್ತು, ಸೊಸೆಯ ತವರು ಗೊತ್ತು, ಆ ಮಗು ನಾಲ್ಕನೇ ಕ್ಲಾಸಿನಲ್ಲಿ ಎಷ್ಟು ಮಾರ್ಕ್ಸ್ ತೆಗೆದಿತ್ತು ಎಂಬುದೂ ಗೊತ್ತು. ಪಡಸಾಲೆಯಲ್ಲಿ ಚಾಪೆ ಹಾಸಿ ಕೂರಿಸಿ ಕಾಫಿ ಕೊಡುತ್ತಾರೆ. ಉತ್ತರ ಹೇಳುವವರು ಅಪ್ಪ. ಪಕ್ಕದಲ್ಲಿ ನಾಲ್ಕು ಜನ. ಮೂರನೆಯ ಸಂಕೇತವನ್ನು ಅಲ್ಲಿ ಬಾಯಿಬಿಟ್ಟು ಹೇಳಿಸಬಲ್ಲ ಧೈರ್ಯ ಯಾವ ಹೋರಾಟದ ಕರಪತ್ರದಲ್ಲಿದೆ?

ಈ ಸಲ ಮೊಬೈಲಿನಲ್ಲಿ ತಾವೇ ವಿವರ ತುಂಬುವ ಅವಕಾಶ ಇದೆ ಎಂದು ಸರ್ಕಾರ ಹೇಳಿದೆ. ಅದು ಕೂಡ ಒಬ್ಬೊಬ್ಬರ ಅರ್ಜಿಯಲ್ಲ, ಇಡೀ ಮನೆಯದು. ತುಂಬುವ ಕೈ ಯಾರದು ಎಂಬ ಪ್ರಶ್ನೆ ಅಲ್ಲಿಯೂ ಬರುತ್ತದೆ.

ಹಾಗಾಗಿ ಬೆಂಗಳೂರಿನ ಸಂಘಟನೆಗಳು ಹೊಸ ಖಾನೆಗಾಗಿ ದೆಹಲಿಗೆ ಪತ್ರ ಬರೆಯುತ್ತಿರುವಾಗಲೇ ಇನ್ನೂ ಸಣ್ಣ, ಕೈಗೆ ಎಟಕುವ ಕೆಲಸವೊಂದಿದೆ. ಎಣಿಕೆದಾರರಿಗೆ ತಾಲ್ಲೂಕು ಮಟ್ಟದಲ್ಲಿ ತರಬೇತಿ ನಡೆದೇ ನಡೆಯುತ್ತದೆ. ಆ ತರಬೇತಿಯಲ್ಲಿ ಅರ್ಧ ದಿನ ಟ್ರಾನ್ಸ್ ಮಹಿಳೆ, ಟ್ರಾನ್ಸ್ ಪುರುಷ, ಜೋಗತಿ ಇವರೇ ಬಂದು ಮಾತಾಡಲಿ. ಮೂರನೆಯ ಖಾನೆಯ ಪ್ರಶ್ನೆಯನ್ನು ಹೇಗೆ ಕೇಳಬೇಕು, ಯಾರ ಮುಂದೆ ಕೇಳಬಾರದು, ಕೇಳಿದ್ದನ್ನು ಸಂಜೆ ಚಹಾದಂಗಡಿಯಲ್ಲಿ ಹೇಗೆ ಬಾಯಿ ಬಿಡಬಾರದು ಎಂದು ಹೇಳಿಕೊಡಲಿ. ಮಧುಗಿರಿಯ ಉಪವಿಭಾಗಾಧಿಕಾರಿ ಮತ್ತು ಡಿಡಿಪಿಐ ಮನಸ್ಸು ಮಾಡಿದರೆ ಇದಕ್ಕೆ ಕಾನೂನು ತಿದ್ದುಪಡಿ ಬೇಕಿಲ್ಲ, ಒಂದು ಸುತ್ತೋಲೆ ಸಾಕು. ತರಬೇತಿಗೆ ಯಾರನ್ನು ಕಳಿಸಬೇಕು, ಹಮಾಮಿನವರನ್ನೋ ಸಂಸ್ಥೆಯವರನ್ನೋ, ಎಂಬ ಜಗಳ ಆಗ ಶುರುವಾದರೆ ಆಗಲಿ ಬಿಡಿ.